ಸರಿದುಹೋದ ಟಿಪ್ಪಣಿಗಳನ್ನು ಮತ್ತೆ ಪದಕ್ಕೆ ಕೂಡಿಸಿದ್ದು

ತುಮಕೂರಿನ ಮನೆಯಲ್ಲಿ ಕುಳಿತು ಭಾಮಿನಿ ಷಟ್ಪದಿಯ ಕಾವ್ಯವೊಂದರ ಸಂಧಿಗೆ, ಅಂದರೆ ಅಧ್ಯಾಯಕ್ಕೆ, ಡಿಜಿಟಲ್ ಟಿಪ್ಪಣಿ ಬರೆಯುತ್ತಿದ್ದಾಗ, ಪಠ್ಯದ ಹೊಸ ಪ್ರತಿಯನ್ನು ಹಾಕಿದೊಡನೆ ನನ್ನ ಅರ್ಥವಿವರಣೆಗಳೆಲ್ಲ ಪಕ್ಕದ ಪದಗಳಿಗೆ ಅಂಟಿಕೊಂಡವು. ಎರಡು ಪ್ರತಿಗಳೂ ಕಣ್ಣಿಗೆ ಒಂದೇ ರೀತಿ ಕಾಣುತ್ತಿದ್ದವು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಕೇತಗಳನ್ನು ಬಿಡಿಸಿ ನೋಡಿದಾಗಲೇ ಕಾರಣ ತಿಳಿದದ್ದು: ‘ಕೋ’ ಎಂಬಲ್ಲಿನ ಸ್ವರಚಿಹ್ನೆಯು ಒಂದು ಪ್ರತಿಯಲ್ಲಿ ಒಂದೇ ಸಂಕೇತವಾಗಿಯೂ ಇನ್ನೊಂದರಲ್ಲಿ 3 ಬಿಡಿ ಸಂಕೇತಗಳಾಗಿಯೂ ಇದ್ದುದರಿಂದ, ಸ್ಥಾನ ಎಣಿಸಿ ಗುರುತಿಟ್ಟ ಟಿಪ್ಪಣಿಯು ಅಂಥ ಪ್ರತಿಯೊಂದು ಅಕ್ಷರಕ್ಕೂ 2 ಸ್ಥಾನ ಸರಿಯುತ್ತಿತ್ತು.

ಮೊದಲು ಇಡೀ ಪಠ್ಯವನ್ನು, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೆ. ಅದಕ್ಕಿಂತ ಮುಖ್ಯವಾಗಿ, ವೆಬ್ ಟಿಪ್ಪಣಿಗಾಗಿ 2017ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾದರಿಯಲ್ಲಿರುವಂತೆ, ಸ್ಥಾನಸಂಖ್ಯೆಯೊಂದಿಗೆ ಪದವನ್ನೂ ಅದರ ಹಿಂದುಮುಂದಿನ ಪದಗಳನ್ನೂ ದಾಖಲಿಸಿದೆ. ಈಗ ನಡುವೆ ಪದ್ಯವೊಂದು ಹೊಸದಾಗಿ ಸೇರಿದರೂ ಟಿಪ್ಪಣಿ ತನ್ನ ಪದವನ್ನು ಹುಡುಕಿಕೊಳ್ಳುತ್ತದೆ.