ಒಂಬತ್ತು ಬೀಳದ ಪರದೆ: ಟ್ಯಾಬ್ಲೆಟ್‌ನ ಟಚ್ ಸರಿಪಡಿಸಿದ ನನ್ನ ಅನುಭವ

ಅಮ್ಮ ಟ್ಯಾಬ್ಲೆಟ್ ಅನ್ನು ನನ್ನ ಕೈಗಿಟ್ಟು, "ಇದು ನಾನು ಹೇಳಿದ್ದನ್ನು ಕೇಳುತ್ತಿಲ್ಲ, ಏನಾಗಿದೆ ನೋಡು" ಎಂದರು. ಪರದೆ ಬೆಳಗುತ್ತಿತ್ತು, ಗಡಿಯಾರ ಸರಿಯಾಗಿ ಓಡುತ್ತಿತ್ತು. ಪಿನ್ ಒತ್ತಲು ಹೋದೆ. ಮೊದಲ ಮೂರು ಅಂಕಿಗಳು ಬಿದ್ದವು, ಕೊನೆಯ ಒಂಬತ್ತು ಬೀಳಲೇ ಇಲ್ಲ. ಅದರ ಮೇಲಿನ ಆರು ಮತ್ತು ಮೂರನ್ನು ಒತ್ತಿ ನೋಡಿದೆ, ಅವೂ ಬೀಳಲಿಲ್ಲ. ಎಡಗಡೆಯ ಮತ್ತು ನಡುವಿನ ಅಂಕಿಗಳಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ.

"ಎಷ್ಟು ದಿನದಿಂದ ಹೀಗಾಗಿದೆ ಅಮ್ಮಾ?"

"ಹದಿನೈದು ದಿನವಾಗಿರಬಹುದು. ಮೊದಮೊದಲು ಜೋರಾಗಿ ಒತ್ತಿದರೆ ಕೇಳುತ್ತಿತ್ತು. ಆಮೇಲೆ ಎಡಗೈಯಿಂದಲೇ ಪುಟ ಸರಿಸಿಕೊಂಡು ಓದುತ್ತಿದ್ದೆ."

ಅವರ ಈ ಉತ್ತರ ಮುಂದೆ ನಾನು ಮಾಡಿದ ಅರ್ಧ ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ದೋಷ ಒಮ್ಮೆಲೇ ಬಂದಿರಲಿಲ್ಲ, ನಿಧಾನವಾಗಿ ಬೆಳೆದಿತ್ತು. ಇಡೀ ಪರದೆಯಲ್ಲಿ ಅಲ್ಲ, ಒಂದೇ ಜಾಗದಲ್ಲಿ ಇತ್ತು. ಜೋರಾಗಿ ಒತ್ತಿದಾಗ ವ್ಯತ್ಯಾಸ ಆಗುತ್ತಿತ್ತು ಎಂಬುದು ಇನ್ನೂ ಮುಖ್ಯ. ಈಗಿನ ಟಚ್ ಪರದೆಗೆ ಒತ್ತಡದ ಅಗತ್ಯವೇ ಇಲ್ಲ. ಗಾಜಿನ ಅಡಿಯಲ್ಲಿ ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ವಾಹಕ ಪದರ ಇರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಧಾರಣೆ ಬದಲಾಗುತ್ತದೆ, ಆ ಬದಲಾವಣೆಯಿಂದಲೇ ಬೆರಳು ಎಲ್ಲಿದೆ ಎಂಬುದು ಯಂತ್ರಕ್ಕೆ ತಿಳಿಯುತ್ತದೆ. ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ ಎಂದರೆ ಒಳಗೆ ಯಾವುದೋ ಸಂಪರ್ಕ ಸಡಿಲವಾಗಿರುವ ಸಾಧ್ಯತೆ ಹೆಚ್ಚು.

ಆದರೂ ಸುಲಭದ ಕಾರಣಗಳನ್ನು ಮೊದಲು ಬದಿಗೆ ಸರಿಸಬೇಕಲ್ಲ. ಪರದೆಯನ್ನು ಸ್ವಲ್ಪ ಒದ್ದೆ ಮಾಡಿದ ಮೃದುವಾದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ. ಅಂಚಿನಲ್ಲಿ ಗಾಳಿ ಸೇರಿಕೊಂಡಿದ್ದ ರಕ್ಷಣಾ ಗಾಜನ್ನು ಕಿತ್ತು ತೆಗೆದೆ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದೆ. ಕಳಪೆ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲಕ್ಕೆ ಪರದೆ ತಾನಾಗಿಯೇ ಒತ್ತಿಕೊಳ್ಳುವುದುಂಟು, ಇಲ್ಲವೇ ಬೆರಳು ಇಟ್ಟಲ್ಲಿ ಬಿಟ್ಟು ಬೇರೆಲ್ಲೋ ಒತ್ತಿದಂತಾಗುವುದುಂಟು. ನಮ್ಮ ಟ್ಯಾಬ್ಲೆಟ್‌ನಲ್ಲಿ ಇದ್ಯಾವುದರಿಂದಲೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಆಗ ನಾನೊಂದು ತಪ್ಪು ಮಾಡಿದೆ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಬಲವಂತವಾಗಿ ರೀಸ್ಟಾರ್ಟ್ ಮಾಡಿಬಿಟ್ಟೆ. ಅಲ್ಲಿಯವರೆಗೆ ಅಮ್ಮನ ಬೆರಳಚ್ಚಿನಿಂದ ಒಳಗೆ ಹೋಗಬಹುದಿತ್ತು. ರೀಸ್ಟಾರ್ಟ್ ಆದ ಮೇಲೆ ಆಂಡ್ರಾಯ್ಡ್ ಬೆರಳಚ್ಚನ್ನು ಒಪ್ಪುವುದಿಲ್ಲ, ಮೊದಲ ಸಲ ಪಿನ್ ಕೊಡಲೇಬೇಕು. ಪಿನ್‌ನಲ್ಲಿ ಒಂಬತ್ತು ಇದೆ, ಒಂಬತ್ತು ಬೀಳುವುದಿಲ್ಲ. ಟ್ಯಾಬ್ಲೆಟ್ ಅನ್ನು ಅಡ್ಡ ತಿರುಗಿಸಿದರೆ ಅಂಕಿಗಳು ಬೇರೆ ಜಾಗಕ್ಕೆ ಬಂದಾವು ಎಂದುಕೊಂಡೆ. ಆದರೆ ಮಲಗಿ ಓದುವಾಗ ಪುಟ ತಿರುಗದಿರಲಿ ಎಂದು ಅಮ್ಮ ಆ ಸೌಲಭ್ಯವನ್ನು ನಿಲ್ಲಿಸಿಟ್ಟಿದ್ದರು. ನಿಮ್ಮ ಟ್ಯಾಬ್ಲೆಟ್ ಹೇಗಾದರೂ ತೆರೆದುಕೊಳ್ಳುತ್ತಿದೆ ಎಂದಾದರೆ ಮೊದಲು ಫೋಟೋ ಮತ್ತು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ರೀಸ್ಟಾರ್ಟ್ ಆಮೇಲೆ ಮಾಡಿದರಾಯಿತು.

ಕೈಹಿಡಿದದ್ದು ಮೌಸ್. ಕಂಪ್ಯೂಟರಿನ ಸಾಮಾನ್ಯ ತಂತಿ ಮೌಸನ್ನು ಒಂದು ಚಿಕ್ಕ ಓಟಿಜಿ ಅಡಾಪ್ಟರ್ (ಯುಎಸ್‌ಬಿ ಸಾಧನಗಳನ್ನು ಟ್ಯಾಬ್ಲೆಟ್‌ಗೆ ಜೋಡಿಸುವ ತುಣುಕು) ಮೂಲಕ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿದೆ. ಎರಡು ಸೆಕೆಂಡಿನಲ್ಲಿ ಪರದೆಯ ನಡುವೆ ಪುಟ್ಟ ಬಾಣ ಮೂಡಿತು. ಅದನ್ನು ಒಂಬತ್ತರ ಮೇಲೆ ಒಯ್ದು ಕ್ಲಿಕ್ ಮಾಡಿದಾಗ ಬೀಗ ತೆರೆಯಿತು. ಐಪ್ಯಾಡ್‌ಗಳಲ್ಲೂ 2020ರಲ್ಲಿ ಬಂದ ಐಪ್ಯಾಡ್‌ಓಎಸ್ 13.4ರಿಂದ ಮೌಸ್ ಬಳಸಬಹುದು. ಕಿಂಡಿ ಒಂದೇ ಇರುವುದರಿಂದ ಮೌಸ್ ಇದ್ದಾಗ ಚಾರ್ಜ್ ಆಗುವುದಿಲ್ಲ. ಹಾಗಾಗಿ ಬೇರೆ ಯಾವುದಕ್ಕೂ ಕೈಹಾಕದೆ ಫೋಟೋಗಳನ್ನೆಲ್ಲ ಆನ್‌ಲೈನ್ ಖಾತೆಗೆ ಕಳುಹಿಸಿ ಮುಗಿಸಿದೆ.

ಇನ್ನು ದೋಷ ಸಾಫ್ಟ್‌ವೇರಿನದೋ ಯಂತ್ರದ್ದೋ ಎಂಬ ಪ್ರಶ್ನೆ. ಕೆಲವು ಆ್ಯಪ್‌ಗಳು ಪರದೆಯ ಮೇಲೆ ಕಾಣದ ಹೊದಿಕೆ ಹಾಸಿಕೊಂಡು ಕೂರುತ್ತವೆ, ಆ ಭಾಗದಲ್ಲಿ ಒತ್ತಿದ್ದು ಕೆಳಗೆ ತಲುಪುವುದಿಲ್ಲ. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಅನ್ನು ಏಳು ಬಾರಿ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಪಾಯಿಂಟರ್ ಲೊಕೇಶನ್ ಎಂಬುದನ್ನು ಚಾಲೂ ಮಾಡಿದೆ. ಇದರಲ್ಲಿ ಬೆರಳು ಹೋದಲ್ಲೆಲ್ಲ ಗೆರೆ ಮೂಡುತ್ತದೆ. ಎಡ ಅಂಚಿನಿಂದ ಬಲಕ್ಕೆ ನಿಧಾನವಾಗಿ ಬೆರಳೆಳೆದೆ. ಗೆರೆ ಸಲೀಸಾಗಿ ಬಂದು ಒಂದು ಕಡೆ ತುಂಡಾಯಿತು, ಬೆರಳಗಲದಷ್ಟು ಆಚೆ ಮತ್ತೆ ಶುರುವಾಯಿತು. ಒಂದಿಂಚು ಕೆಳಗೆ ಇನ್ನೊಂದು ಗೆರೆ, ಅದರ ಕೆಳಗೆ ಮತ್ತೊಂದು. ಹತ್ತು ಗೆರೆ ಎಳೆದಾಗ ಹತ್ತೂ ಒಂದೇ ನೇರದಲ್ಲಿ ಕಡಿದಿದ್ದವು. ಮೇಲಿಂದ ಕೆಳಗಿನವರೆಗೆ ಬೈತಲೆ ತೆಗೆದಂತೆ ಒಂದು ಖಾಲಿ ಪಟ್ಟಿ ಕಾಣುತ್ತಿತ್ತು.

ಬಳಿಕ ಪರದೆ ತಿರುಗುವ ಸೌಲಭ್ಯವನ್ನು ಚಾಲೂ ಮಾಡಿ, ಟ್ಯಾಬ್ಲೆಟ್ ಅನ್ನು ಅಡ್ಡ ಹಿಡಿದು ಮತ್ತೆ ಗೆರೆ ಎಳೆದೆ. ಚಿತ್ರ ತಿರುಗಿತು, ಖಾಲಿ ಪಟ್ಟಿ ಮಾತ್ರ ಗಾಜಿನ ಅದೇ ಜಾಗದಲ್ಲಿ ಉಳಿಯಿತು. ಆ್ಯಪ್‌ನ ಹೊದಿಕೆಯಾಗಿದ್ದರೆ ಚಿತ್ರದ ಜೊತೆ ಅದೂ ಸರಿಯಬೇಕಿತ್ತು. ನಾವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಓಡದ ಸೇಫ್ ಮೋಡ್‌ನಲ್ಲೂ ಪಟ್ಟಿ ಹಾಗೇ ಇತ್ತು. ಫ್ಯಾಕ್ಟರಿ ರೀಸೆಟ್ ಮಾಡಿಬಿಡು ಎಂದು ಹೇಳುವವರು ಬಹಳ ಮಂದಿ ಇರುತ್ತಾರೆ. ಈ ಹಂತದಲ್ಲಿ ಅದು ಖಂಡಿತ ಬೇಡ. ತಂತಿಯ ದೋಷ ರೀಸೆಟ್‌ನಿಂದ ಹೋಗುವುದಿಲ್ಲ, ಒಳಗಿದ್ದದ್ದು ಮಾತ್ರ ಅಳಿಸಿಹೋಗುತ್ತದೆ. ಮೇಲಾಗಿ ಹಳೆಯ ಖಾತೆಯ ಪಾಸ್‌ವರ್ಡನ್ನು ಅದೇ ಕೆಟ್ಟ ಪರದೆಯಲ್ಲಿ ಬರೆಯಬೇಕಾಗಿ ಬರಬಹುದು.

ಅಸಲಿ ಕಾರಣ ಸಿಕ್ಕಿದ್ದು ಟ್ಯಾಬ್ಲೆಟ್ ಅನ್ನು ಕವರ್‌ನಿಂದ ತೆಗೆದು ಮೇಜಿನ ಮೇಲೆ ಇಟ್ಟಾಗ. ಒಂದು ಮೂಲೆ ಮುಟ್ಟಿದರೆ ಎದುರಿನ ಮೂಲೆ ಎದ್ದಿತು. ಬೆನ್ನಿಗೆ ಅಳತೆಪಟ್ಟಿ ಆನಿಸಿದೆ, ನಡುಭಾಗ ಉಬ್ಬಿತ್ತು. ಬಲಗಡೆ ಗಾಜಿಗೂ ಚೌಕಟ್ಟಿಗೂ ನಡುವೆ ಉಗುರಿನ ತುದಿ ಹೋಗುವಷ್ಟು ಸಂದು ಬಿಟ್ಟಿತ್ತು. ಬ್ಯಾಟರಿ ಊದಿಕೊಂಡಿತ್ತು. ಲಿಥಿಯಂ ಬ್ಯಾಟರಿ ಹಳತಾದಾಗ ಒಳಗಿನ ರಾಸಾಯನಿಕ ಒಡೆದು ಅನಿಲ ತುಂಬಿಕೊಳ್ಳುತ್ತದೆ. ರಾತ್ರಿಯಿಡೀ ಚಾರ್ಜ್‌ಗೆ ಹಾಕಿಡುವುದು ಮತ್ತು ಬಿಸಿ ಅದನ್ನು ಬೇಗ ಮಾಡುತ್ತವೆ. ಅಮ್ಮ ಜೋರಾಗಿ ಒತ್ತುತ್ತಿದ್ದದ್ದು ಈ ಉಬ್ಬಿನ ಮೇಲೆಯೇ ಎಂದು ನೆನೆದಾಗ ಮೈ ಝುಂ ಎಂದಿತು. ಅಂಥ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಲೂಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಮೊಬೈಲ್‌ಗಳ ಹಿಂಬದಿ ಬಿಚ್ಚಿ ನನಗೆ ಅಭ್ಯಾಸವಿದೆ, ಆದರೂ ಇದನ್ನು ಬಿಚ್ಚಲಿಲ್ಲ. ಆಫ್ ಮಾಡಿ, ಸುತ್ತ ಬಟ್ಟೆ ಕಾಗದ ಏನೂ ಇಲ್ಲದ ಕಡೆ ಇಟ್ಟು, ಮರುದಿನ ರಿಪೇರಿಯವರಿಗೆ ಒಯ್ದುಕೊಟ್ಟೆ.

ಅವರು ನನ್ನೆದುರೇ ಪರದೆ ಎತ್ತಿದರು. ಬೆಳ್ಳಿಬಣ್ಣದ ಬ್ಯಾಟರಿ ಚೀಲ ಪುಟ್ಟ ದಿಂಬಿನಂತೆ ಉಬ್ಬಿ, ಟಚ್‌ನ ರಿಬ್ಬನ್ ಕೇಬಲ್ಲಿನ ಒಂದು ಬದಿಯನ್ನು ಅದರ ಕನೆಕ್ಟರಿನಿಂದ ಮೇಲಕ್ಕೆ ತಳ್ಳಿತ್ತು. ಗಾಜು ಚೆನ್ನಾಗಿಯೇ ಇತ್ತು. ಹೊಸ ಬ್ಯಾಟರಿ ಹಾಕಿ, ಕೇಬಲ್ ಕೂರಿಸಿ ಟ್ಯಾಬ್ಲೆಟ್ ಕೊಟ್ಟಾಗ ನಾನು ಅಲ್ಲೇ ನಿಂತು ಗೆರೆ ಎಳೆದು ನೋಡಿದೆ. ಒಂದೂ ತುಂಡಾಗಲಿಲ್ಲ.

ಈಗ ಶೇಕಡಾ 80ಕ್ಕೆ ಚಾರ್ಜ್ ನಿಲ್ಲುವಂತೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಟ್ಟಿದ್ದೇನೆ. ಮೌಸ್ ಮತ್ತು ಓಟಿಜಿ ಅಡಾಪ್ಟರ್ ಟ್ಯಾಬ್ಲೆಟ್ ಇಡುವ ಡ್ರಾಯರಿನಲ್ಲೇ ಇವೆ. ಅಮ್ಮ ಆಗಾಗ ಕವರ್ ತೆಗೆದು ಅದನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ.