'ಕಾಪಿ ಆಗಲಿಲ್ಲ' ಅಂದರೆ ಸಾಕಾ?

ಫೈಲ್ ಕಾಪಿ ಮಾಡಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಕಮಾಂಡ್ ಬರೆದಿದ್ದೆ. ಮೊನ್ನೆ ತಂಗಿ ಅದರಲ್ಲಿ ಮದುವೆ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದಳು. ಬಂದದ್ದು ಎರಡೇ ಪದ: 'ಕಾಪಿ ಆಗಲಿಲ್ಲ'.

"ಅಣ್ಣಾ, 20 ಜಿಬಿ ಖಾಲಿ ಇದೆಯಲ್ಲೋ, ಮತ್ಯಾಕೆ?" ಅಂದಳು. ನನಗೂ ಗೊತ್ತಾಗಲಿಲ್ಲ. ಬರೆದವನು ನಾನೇ, ನೋಡಿ!

ಕೋಡ್ ತೆರೆದೆ. ಯಾವ ಎರರ್ ಬಂದರೂ ಅದೇ ಎರಡು ಪದ ತೋರಿಸುವ ಹಾಗೆ ಬರೆದಿದ್ದೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಪಾಪ ಕಾರಣವನ್ನು ಸರಿಯಾಗಿಯೇ ಕೊಟ್ಟಿತ್ತು: ಎರರ್ ನಂಬರ್ 27, ಅಂದರೆ ಫೈಲ್ ತೀರಾ ದೊಡ್ಡದು. ನಾನೇ ಅದನ್ನು ನುಂಗಿಬಿಟ್ಟಿದ್ದೆ. ಪೆನ್‌ಡ್ರೈವ್ ಫ್ಯಾಟ್32, ಅಂದರೆ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಹಳೆಯ ವಿಧಾನದ್ದು. ಎಷ್ಟೇ ಜಾಗ ಇದ್ದರೂ ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ವಿಡಿಯೊ 6 ಜಿಬಿ ಇತ್ತು.

ಈಗ ಹೀಗೆ ಬರುತ್ತದೆ:

'ಮದುವೆ ವಿಡಿಯೊ (6 ಜಿಬಿ) ಕಾಪಿ ಆಗಲಿಲ್ಲ. ಈ ಡ್ರೈವ್ ಫ್ಯಾಟ್32, ಇಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ. ಫೈಲನ್ನು ತುಂಡು ಮಾಡಿ, ಇಲ್ಲವೇ ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ.'

ಎಕ್ಸ್‌ಫ್ಯಾಟ್ ಅಂದರೆ ದೊಡ್ಡ ಫೈಲ್‌ಗಳನ್ನೂ ಹಿಡಿಯುವ ಇನ್ನೊಂದು ವಿಧಾನ. ಕೊನೆಯ ಸಾಲು ಮೊದಲು ಇರಲಿಲ್ಲ. ತಂಗಿ ಫಾರ್ಮ್ಯಾಟ್ ಒತ್ತಲು ಹೊರಟಾಗ ಸೇರಿಸಿದೆ. ಜಾಗ ಮುಗಿದರೆ ಬರುವ ಎರರ್ ನಂಬರ್ 28, ಅನುಮತಿ ಇಲ್ಲದಿದ್ದರೆ 13. ಅವಕ್ಕೂ ಬೇರೆ ಬೇರೆ ಮಾತು ಬರೆದೆ. ಅರ್ಧ ಕಾಪಿಯಾದ ಫೈಲನ್ನು ಅಳಿಸುವ ಕೆಲಸ ಇನ್ನೂ ಬಾಕಿ ಇದೆ.