ಬಗ್ಗದೆ ಚೆಂಡು ಹೆಕ್ಕುವ ಕೊಳವೆ: ನನ್ನ ಅನುಭವ

ನಮ್ಮ ಮನೆಯೆದುರಿನ ಬಾಕಿಮಾರು ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ಎಂಟು ವರ್ಷಗಳಾದವು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಮಂಗಳೂರಿನ ಹೊರವಲಯದ ಈ ಮನೆಗೆ ಮರಳಿದ ಮೇಲೆ, ವಾರಕ್ಕೊಮ್ಮೆ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೋಗಿ ಬರುವುದು ಸಾಲದೆಂದು ತೋರಿದ್ದರಿಂದ, ಸಣ್ಣ ಹೊಡೆತಗಳ ಅಭ್ಯಾಸಕ್ಕೆಂದು ಆ ಗದ್ದೆಯ ಹುಲ್ಲನ್ನು ಸವರಿಸಿ ಸಜ್ಜುಗೊಳಿಸಿಕೊಂಡೆ. ಹಳೆಯ ಚೆಂಡುಗಳು 60, ಸಣ್ಣ ಹೊಡೆತಕ್ಕೆ ಬಳಸುವ ವೆಜ್ ಕೋಲು ಒಂದು, ಗುರಿಗೆ ಬಟ್ಟೆ ಕಟ್ಟಿದ ಒಂದು ಗೂಟ, ಇಷ್ಟೇ ನನ್ನ ಸರಂಜಾಮು. ಹೊಡೆಯುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಹೊಡೆದವನ್ನು ಹೆಕ್ಕಬೇಕಲ್ಲ! ದಿನಕ್ಕೆ ಎರಡು ಸುತ್ತು ಹೊಡೆದರೆ ನೂರಿಪ್ಪತ್ತು ಸಲ ಬಗ್ಗಿ ಏಳಬೇಕಾಗುತ್ತಿತ್ತು. ಎರಡನೆಯ ತಿಂಗಳಿನಲ್ಲಿ ಸೊಂಟ ಹಿಡಿಯಿತು. ಕೆಳಬೆನ್ನಿನ ಡಿಸ್ಕ್ ಒಂದು ತುಸು ಹೊರಕ್ಕೆ ಉಬ್ಬಿದೆಯೆಂದು ವೈದ್ಯರು ಹೇಳಿದರು.

ಫಿಸಿಯೋಥೆರಪಿಸ್ಟ್ ಆಗಿದ್ದ ಹುಡುಗಿ ನನ್ನ ಕಥೆಯನ್ನೆಲ್ಲ ಕೇಳಿ ನಕ್ಕು, "ಅಂಕಲ್, ನೆಲದಿಂದ ಹಗುರವಾದ ವಸ್ತುವನ್ನು ಎತ್ತುವ ಸರಿಯಾದ ಕ್ರಮಕ್ಕೆ ಗಾಲ್ಫರ್ಸ್ ಲಿಫ್ಟ್ ಅಂತಲೇ ಹೆಸರು, ನಿಮಗೆ ಗೊತ್ತಿಲ್ಲವಾ?" ಎಂದು ಕೇಳಿದಳು. ಒಂದು ಕೈಯನ್ನು ಕೋಲಿನ ಮೇಲೋ ಮೇಜಿನ ಮೇಲೋ ಊರಿ, ಒಂದೇ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ನೇರವಾಗಿ ಹಿಂದಕ್ಕೆ ಎತ್ತುತ್ತ, ಬೆನ್ನನ್ನು ಬಾಗಿಸದೆ ಸೊಂಟದ ಕೀಲಿನಿಂದಷ್ಟೇ ಮುಂದಕ್ಕೆ ವಾಲುವ ಕ್ರಮವದು. ಹಿಂದಕ್ಕೆ ಹೋದ ಕಾಲು ತಕ್ಕಡಿಯ ಇನ್ನೊಂದು ತಟ್ಟೆಯಂತೆ ಕೆಲಸ ಮಾಡುವುದರಿಂದ ಕೆಳಬೆನ್ನಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಕುಳಿಯಿಂದ ಒಂದು ಚೆಂಡನ್ನು ತೆಗೆಯುವುದಕ್ಕೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಹಡಿಲು ಗದ್ದೆಯ ತುಂಬ ಹರಡಿದ 60 ಚೆಂಡುಗಳಿಗಾಗಿ 60 ಸಲ ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತರೆ ಬೇಲಿಯಾಚೆಯಿಂದ ನೋಡುವವರಿಗೆ ಮೋಜು, ನನಗೆ ಮೊಣಕಾಲು ನೋವು.

ಅಭ್ಯಾಸದ ಚೆಂಡುಗಳನ್ನು ಹೆಕ್ಕುವ ಕೊಳವೆಗಳು ಅಂಗಡಿಯಲ್ಲಿ ಸಿಗುತ್ತವೆ. ಗೆಳೆಯರೊಬ್ಬರ ಬಳಿ ಅಲ್ಯೂಮಿನಿಯಂನದ್ದೊಂದು ಇತ್ತು. ಚೆಂಡಿನ ಮೇಲಿಟ್ಟು ಒತ್ತಿದರೆ ಚೆಂಡು ಒಳಗೆ ಸೇರಿ ಅಲ್ಲೇ ಉಳಿಯುತ್ತದೆ, ಮುಂದಿನ ಚೆಂಡು ಅದನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ, ಇದರಲ್ಲಿ ಪೈಪೊಂದು, ಬಾಯಿಯಲ್ಲಿ ತಡೆಯೊಂದು ಬಿಟ್ಟರೆ ಬೇರೇನೂ ಇಲ್ಲವೆನ್ನಿಸಿ, ನಾನೇ ಮಾಡಿಕೊಳ್ಳುವೆನೆಂದು ಹೊರಟೆ. ಪೈಪಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಬಾಯಿಯ ತಡೆಗೆ ನಾಲ್ಕು ತಿಂಗಳು ಬೇಕಾದವು.

ಈ ಕೆಲಸದಲ್ಲಿ ನಮಗಿರುವ ಒಂದು ದೊಡ್ಡ ಅನುಕೂಲವೆಂದರೆ, ಗಾಲ್ಫ್ ಚೆಂಡಿನ ಗಾತ್ರವನ್ನು ನಿಯಮವೇ ಕಟ್ಟಿಹಾಕಿದೆ. ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು. ಹಿಂದೆ ಬ್ರಿಟನ್ನಿನಲ್ಲಿ 41.15 ಮಿಲಿಮೀಟರಿನ ಸಣ್ಣ ಚೆಂಡೂ ಚಾಲ್ತಿಯಲ್ಲಿತ್ತು. 1990ರ ನಿಯಮಗಳಿಂದ ಅದಕ್ಕೆ ಅವಕಾಶ ತಪ್ಪಿ, ಎಲ್ಲೆಡೆ ಒಂದೇ ಅಳತೆ ನೆಲೆಗೊಂಡಿತು. ದೊಡ್ಡ ಚೆಂಡಿಗೆ ನಿಯಮದಲ್ಲಿ ಅಡ್ಡಿಯಿಲ್ಲದಿದ್ದರೂ, ದೊಡ್ಡದಾದಷ್ಟೂ ಗಾಳಿಯ ತಡೆ ಹೆಚ್ಚುವುದರಿಂದ ತಯಾರಕರು ಕನಿಷ್ಠ ಅಳತೆಗೇ ಅಂಟಿಕೊಳ್ಳುತ್ತಾರೆ. ಹೀಗಾಗಿ ಒಂದು ಚೆಂಡಿಗೆ ಹೊಂದುವ ಬಾಯಿ ಎಲ್ಲ ಚೆಂಡುಗಳಿಗೂ ಹೊಂದುತ್ತದೆ.

ಪೈಪಿನ ಅಂಗಡಿಯಲ್ಲಿ ನನಗೆ ಮೊದಲ ಪಾಠವಾಯಿತು. ಚೆಂಡು ನಾಲ್ಕೂಕಾಲು ಸೆಂಟಿಮೀಟರು, ಅಂದರೆ ಒಂದೂಮುಕ್ಕಾಲು ಇಂಚಿಗೆ ತುಸು ಕಡಿಮೆ. ಆದ್ದರಿಂದ ಎರಡು ಇಂಚಿನ ಪೈಪು ಕೊಡಿ ಎಂದೆ. ಅಂಗಡಿಯಾತ ಕೊಟ್ಟ ಪೈಪಿನ ಒಳಗೆ ಚೆಂಡು ಸಡಿಲವಾಗಿ ಅತ್ತಿತ್ತ ಬಡಿದುಕೊಂಡಿತು. ನಮ್ಮಲ್ಲಿ ಪಿವಿಸಿ ಪೈಪಿನ ನಿಜವಾದ ಅಳತೆ ಅದರ ಹೊರವ್ಯಾಸವೇ ಹೊರತು ಇಂಚಿನ ಹೆಸರಲ್ಲ. ಎರಡು ಇಂಚು ಎಂದು ಕರೆಯುವುದು 63 ಮಿಲಿಮೀಟರಿನ ಪೈಪನ್ನು. ಒಂದೂವರೆ ಇಂಚು ಎಂದು ಕರೆಯುವುದು 50 ಮಿಲಿಮೀಟರಿನದನ್ನು. ಲೆಕ್ಕದ ಪ್ರಕಾರ ಒಂದೂವರೆ ಇಂಚಿನೊಳಗೆ ಚೆಂಡು ಹೋಗಲೇಬಾರದು, ಆದರೆ ಆ 50 ಮಿಲಿಮೀಟರಿನ ಪೈಪಿನ ಗೋಡೆಯ ದಪ್ಪವನ್ನು ಕಳೆದರೆ ನಾನು ಕ್ಯಾಲಿಪರಿನಲ್ಲಿ ಅಳೆದ ಒಳವ್ಯಾಸ ನಲವತ್ತೈದೂವರೆ ಮಿಲಿಮೀಟರು ಬಂತು. ಚೆಂಡಿಗೂ ಗೋಡೆಗೂ ನಡುವೆ ಒಟ್ಟು ಮೂರು ಮಿಲಿಮೀಟರಿನಷ್ಟು ಸಡಿಲ, ನಮಗೆ ಬೇಕಾದದ್ದೂ ಅಷ್ಟೇ. ಹೆಚ್ಚು ಒತ್ತಡ ತಾಳುವ ದಪ್ಪ ಗೋಡೆಯ ಪೈಪಾದರೆ ಒಳವ್ಯಾಸ ಇನ್ನೂ ಕಿರಿದಾಗುತ್ತದೆ. ಆದ್ದರಿಂದ ಇಂಚಿನ ಮಾತನ್ನು ಬದಿಗಿಟ್ಟು, ಒಂದು ಚೆಂಡನ್ನು ಕಿಸೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಉದ್ದವನ್ನು ನಮ್ಮ ನಮ್ಮ ಎತ್ತರಕ್ಕೆ ತಕ್ಕಂತೆ ನಿರ್ಧರಿಸಬೇಕು. ನೇರವಾಗಿ ನಿಂತು ಕೈಯನ್ನು ಇಳಿಬಿಟ್ಟಾಗ ಮಣಿಕಟ್ಟು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಅದಕ್ಕಿಂತ ಸುಮಾರು ಹತ್ತು ಸೆಂಟಿಮೀಟರು ಹೆಚ್ಚಿದ್ದರೆ ತೋಳಿನ ಭಾರದಿಂದಲೇ ಒತ್ತಬಹುದು. ನನಗೆ 90 ಸೆಂಟಿಮೀಟರು ಸರಿಹೋಯಿತು. ಅದರಲ್ಲಿ 20 ಚೆಂಡುಗಳು ಸಲೀಸಾಗಿ ನಿಲ್ಲುತ್ತವೆ, ಅಂದರೆ ಮೂರು ಸುತ್ತಿಗೆ ಗದ್ದೆ ಖಾಲಿ.

ತಡೆಗೆ ನಾನು ಮೊದಲು ಮಾಡಿದ್ದು ದಳಗಳ ಬಾಯಿ. ಪೈಪಿನ ತುದಿಯಲ್ಲಿ ಹ್ಯಾಕ್‌ಸಾ ಬ್ಲೇಡಿನಿಂದ ನಾಲ್ಕು ಸೆಂಟಿಮೀಟರು ಉದ್ದದ ಎಂಟು ಸೀಳುಗಳನ್ನು ಹಾಕಿ, ತುದಿಯನ್ನು ಬಿಸಿ ಮಾಡಿ, ಎಂಟು ದಳಗಳನ್ನೂ ಒಳಕ್ಕೆ ಬಾಗಿಸಿದೆ. ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡಿದ್ದು ನನ್ನ ಮೂರ್ಖತನ. ಪಿವಿಸಿ ಕರಟಿದರೆ ಹೊಮ್ಮುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ; ಕಣ್ಣು, ಗಂಟಲು ಎರಡೂ ಉರಿದವು, ಅಡುಗೆಮನೆಯಿಂದ ನನಗೆ ಗಡೀಪಾರೂ ಆಯಿತು. ಪಿವಿಸಿ ಸುಮಾರು 80 ಡಿಗ್ರಿಯಲ್ಲೇ ಮೆದುವಾಗುವುದರಿಂದ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಹಿಡಿದರೆ ಸಾಕಿತ್ತು. ದಳಗಳ ಬಾಯಿ ಸಿಮೆಂಟಿನ ಅಂಗಳದಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಗದ್ದೆಗಿಳಿದ ಕೂಡಲೇ ಸೋತಿತು. ದಳಗಳು ಬಿರುಸಾದ್ದರಿಂದ ಒತ್ತಿದಾಗ ಚೆಂಡು ಪೈಪಿನ ಒಳಗೆ ಹೋಗುವ ಬದಲು ಮಣ್ಣಿನೊಳಕ್ಕೆ ಇಳಿಯುತ್ತಿತ್ತು. ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಗದ್ದೆಯ ಮಣ್ಣು ದಸರೆಯವರೆಗೂ ಗಟ್ಟಿಯಾಗುವುದಿಲ್ಲ. ಎತ್ತಿ ನೋಡಿದರೆ ಚೆಂಡು ನೆಲದಲ್ಲೇ ಹೂತು, ಪೈಪಿನ ಬಾಯಿಯಲ್ಲಿ ಮೂಡೆಯಂತೆ ಉರುಟಾದ ಕೆಸರಿನ ತುಂಡು ಮಾತ್ರ ಬಂದಿರುತ್ತಿತ್ತು.

ಎರಡನೆಯ ಪ್ರಯತ್ನದಲ್ಲಿ ಬಿರುಸು ಬೇಡವೆಂದು ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಬಾಯಿಗೆ ಅಡ್ಡವಾಗಿ ಕಟ್ಟಿದೆ. ಚೆಂಡು ಹೂವಿನಂತೆ ಒಳಗೆ ಹೋಯಿತು, ಹತ್ತನೆಯದು ತುಂಬುವಷ್ಟರಲ್ಲಿ ಎಲ್ಲವೂ ಹೂವಿನಂತೆಯೇ ಉದುರಿದವು. ಒಂದರ ಮೇಲೊಂದು ನಿಂತ 20 ಚೆಂಡುಗಳ ತೂಕ 900 ಗ್ರಾಂ ಮೀರುತ್ತದೆ, ಅಷ್ಟೂ ಭಾರ ಅಡಿಯ ಚೆಂಡಿನ ಮೂಲಕ ಆ ತಡೆಯ ಮೇಲೆಯೇ ಕೂರುತ್ತದೆ. ಒಳಕ್ಕೆ ಬಿಡುವಾಗ ಮೆದು, ಹೊರಕ್ಕೆ ಬಿಡದಿರುವಾಗ ಗಟ್ಟಿ, ಹೀಗೆ ಒಂದೇ ತಡೆ ಎರಡು ಬಗೆಯಾಗಿ ನಡೆದುಕೊಳ್ಳಬೇಕಿತ್ತು.

ಪರಿಹಾರ ಹೊಳೆದದ್ದು ಎರಡು ಬದಿಗಳಿಗೂ ಒಂದೇ ತಡೆ ಏಕೆ ಬೇಕೆಂದು ಯೋಚಿಸಿದಾಗ. ಒಂದು ಬದಿಗೆ ಸೈಕಲ್ಲಿನ ಎರಡು ಮಿಲಿಮೀಟರು ದಪ್ಪದ ಸ್ಪೋಕ್ ಕಡ್ಡಿಯನ್ನು ಗೋಡೆಗೆ ತೀರ ಹತ್ತಿರದಲ್ಲಿ ಅಡ್ಡಲಾಗಿ ತೂರಿಸಿದೆ, ಅದು ಅಲುಗುವುದಿಲ್ಲ. ಎದುರು ಬದಿಗೆ ದರ್ಜಿ ಅಂಗಡಿಯ ದುಂಡನೆಯ ಇಲಾಸ್ಟಿಕ್ಕನ್ನು ಎರಡೆಳೆಯಾಗಿ ಬಿಗಿದು, ಗೋಡೆಯಿಂದ ಆರು ಮಿಲಿಮೀಟರಿನಷ್ಟು ಒಳಗೆ ಬರುವಂತೆ ಕಟ್ಟಿದೆ. ಒತ್ತಿದಾಗ ಚೆಂಡು ಕಡ್ಡಿಗೆ ಒರಗಿಕೊಂಡು ಇಲಾಸ್ಟಿಕ್ಕನ್ನು ಮಾತ್ರ ಬದಿಗೆ ಸರಿಸಿ ಒಳನುಗ್ಗುತ್ತದೆ, ನುಗ್ಗಿದ ಮೇಲೆ ಭಾರದ ಒಂದು ಪಾಲನ್ನು ಕಡ್ಡಿ ಹೊರುವುದರಿಂದ ಇಲಾಸ್ಟಿಕ್ಕಿಗೆ ಆಯಾಸವಿಲ್ಲ. ಕಡ್ಡಿ ಗೋಡೆಯಿಂದ ಎರಡೂವರೆ ಮಿಲಿಮೀಟರು ಒಳಗೆ ಚಾಚಿದ್ದಾಗ ಒಣ ಚೆಂಡುಗಳು ಹೋದವು, ಕೆಸರು ಮೆತ್ತಿದವು ಸಿಕ್ಕಿಹಾಕಿಕೊಂಡವು. ಅದನ್ನು ಎರಡಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಆದರೂ ಕೆಲವೊಮ್ಮೆ ಚೆಂಡು ಒಳಗೆ ಬಂದಂತೆ ತೋರಿ, ಪೈಪನ್ನು ಎತ್ತಿದರೆ ನೆಲದಲ್ಲೇ ಉಳಿಯುತ್ತಿತ್ತು. ಇದರ ಕಾರಣ ತಿಳಿಯಲು ಮೂರು ವಾರ ಹಿಡಿಯಿತು. ತಿಳಿದ ಮೇಲೆ ಇಷ್ಟು ಸರಳವಾದದ್ದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನೆಲದ ಮೇಲಿರುವ ಚೆಂಡಿನ ಅತ್ಯಂತ ಅಗಲವಾದ ಭಾಗ ನೆಲದಿಂದ 21 ಮಿಲಿಮೀಟರು ಎತ್ತರದಲ್ಲಿರುತ್ತದೆ. ಪೈಪಿನ ಅಂಚು ನೆಲಕ್ಕೆ ತಾಗುವ ಹೊತ್ತಿಗೆ ತಡೆಯು ಆ ಅಗಲದ ಭಾಗವನ್ನು ದಾಟಿ ಕೆಳಗಿಳಿದಿರಬೇಕು. ನಾನು ತೂತುಗಳನ್ನು ಅಂಚಿನಿಂದ 25 ಮಿಲಿಮೀಟರು ಮೇಲೆ ಕೊರೆದಿದ್ದೆ, ಎಷ್ಟು ಒತ್ತಿದರೂ ತಡೆ ಚೆಂಡಿನ ನಡುವನ್ನು ದಾಟುವುದು ಸಾಧ್ಯವೇ ಇರಲಿಲ್ಲ. ಮೆತ್ತಗಿನ ಹುಲ್ಲಿನಲ್ಲಿ ಅಂಚು ತುಸು ಕೆಳಗಿಳಿದು ದಾಟುತ್ತಿತ್ತು, ಗಟ್ಟಿ ನೆಲದಲ್ಲಿ ಇಲ್ಲ. ತೂತುಗಳನ್ನು 12 ಮಿಲಿಮೀಟರಿಗೆ ಇಳಿಸಿ ಹೊಸದಾಗಿ ಕೊರೆದ ದಿನದಿಂದ ಒಂದು ಚೆಂಡೂ ತಪ್ಪಿಲ್ಲ. ಈ ಬರಹವನ್ನು ಓದಿ ಯಾರಾದರೂ ಕೊಳವೆ ಮಾಡಹೊರಟರೆ ಬೇರೆಲ್ಲ ಅಳತೆಗಳನ್ನು ತಮ್ಮ ಇಷ್ಟದಂತೆ ಬದಲಿಸಿಕೊಳ್ಳಲಿ, ಇದೊಂದನ್ನು ಬದಲಿಸದಿರಲಿ.

ಉಳಿದದ್ದೆಲ್ಲ ಸಣ್ಣ ಕೆಲಸ. ಅಂಚನ್ನು ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡಿದೆ, ಕೆಸರುನೀರು ಬಸಿಯಲೆಂದು ಗೋಡೆಯಲ್ಲಿ ಅಲ್ಲಲ್ಲಿ ತೂತು ಕೊರೆದೆ, ಹಿಡಿಗೆ ಹಳೆಯ ಶಟಲ್ ಬ್ಯಾಟಿನ ಪಟ್ಟಿಯನ್ನು ಸುತ್ತಿದೆ. ಮೇಲಿನ ಬಾಯಿಗೆ ಗಮ್ ಹಾಕದ ಎಂಡ್ ಕ್ಯಾಪ್. ಅದನ್ನು ತೆಗೆದು ಪೈಪನ್ನು ವಾಲಿಸಿದರೆ ಚೆಂಡುಗಳು ತಾವಾಗಿಯೇ ಉರುಳಿ ಹೊರಬರುತ್ತವೆ.

ಕೊಳವೆಯನ್ನು ಕಂಡು ಹೆಚ್ಚು ಆಸೆಪಟ್ಟವರು ಪಕ್ಕದ ತೋಟದಲ್ಲಿ ಹಣ್ಣಡಿಕೆ ಹೆಕ್ಕುವ ಅಕ್ಕ. ನಮ್ಮ ಕಡೆ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ, ಮಾಡುವುದು ಹಣ್ಣಾದ ಅಡಿಕೆಯಿಂದಾದ್ದರಿಂದ ಉದುರಿದ್ದನ್ನೂ ಬಿಡುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವರು ಬಗ್ಗುವ ಲೆಕ್ಕದ ಮುಂದೆ ನನ್ನ ನೂರಿಪ್ಪತ್ತು ಏನೂ ಅಲ್ಲ. "ನಿಮ್ಮ ಆಟದ ಚೆಂಡಿಗೆ ಇಷ್ಟೆಲ್ಲ ಮಾಡಿದಿರಿ ಮಾರಾಯ್ರೆ, ನಮಗೂ ಒಂದು ಮಾಡಿ ಕೊಡಿ" ಎಂದು ಅವರು ಕೇಳಿದಾಗ ಸಂಕೋಚವಾಯಿತು. ಮಾಡಿ ನೋಡಿದೆ, ಕೈಗೂಡಲಿಲ್ಲ. ಅಡಿಕೆಗೆ ನಿಯಮದ ಅಳತೆಯಿಲ್ಲ. ಒಂದು ದಪ್ಪ, ಒಂದು ಸಣ್ಣ, ಎಲ್ಲವೂ ಉದ್ದುದ್ದ. ಸಣ್ಣವು ತಡೆಯಿಂದ ಜಾರಿದವು, ದೊಡ್ಡವು ಅಡ್ಡಲಾಗಿ ನಿಂತು ಪೈಪನ್ನೇ ಕಟ್ಟಿದವು. ಅವರಿಗೆ ಒದಗಿದ್ದು ಉರುಳಿಸುವ ತಂತಿಬುಟ್ಟಿ. ಹಿಡಿಯ ತುದಿಯಲ್ಲಿ ಮೊಟ್ಟೆಯಾಕಾರದ ಬುಟ್ಟಿ ತಿರುಗುತ್ತದೆ, ನೆಲದ ಮೇಲೆ ಉರುಳಿಸಿದಾಗ ಅದರ ತಂತಿಗಳು ಕಾಯಿಯ ಒತ್ತಡಕ್ಕೆ ಸರಿದು ಜಾಗ ಬಿಟ್ಟು, ಕಾಯಿ ಒಳಸೇರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಗಾತ್ರ ಹೆಚ್ಚುಕಡಿಮೆಯಾದರೂ ತಂತಿ ಸಹಿಸಿಕೊಳ್ಳುತ್ತದೆ. ಅದೇ ಬುಟ್ಟಿಯಿಂದ ಗಾಲ್ಫ್ ಚೆಂಡನ್ನೂ ಹೆಕ್ಕಬಹುದು, ಆದರೆ ನನ್ನ ಗದ್ದೆಯ ಏರುತಗ್ಗುಗಳಲ್ಲಿ ಅದು ಕುಪ್ಪಳಿಸಿ ಚೆಂಡನ್ನು ದಾಟಿ ಹೋಗುತ್ತದೆ. ದೊಡ್ಡ ಅಭ್ಯಾಸ ಮೈದಾನಗಳಲ್ಲಿ ಟ್ರ್ಯಾಕ್ಟರ್ ಎಳೆಯುವ ಯಂತ್ರದ ಕ್ರಮ ಮತ್ತೆ ಬೇರೆ: ಚೆಂಡಿಗಿಂತ ತುಸು ಕಿರಿದಾದ ಸಂದು ಬಿಟ್ಟು ಜೋಡಿಸಿದ ಬಿಲ್ಲೆಗಳ ನಡುವೆ ಚೆಂಡು ಸಿಕ್ಕಿಕೊಂಡು ಮೇಲೆ ಬರುತ್ತದೆ, ಅಲ್ಲಿ ಬಾಚಣಿಗೆಯಂಥ ಹಲ್ಲುಗಳು ಅದನ್ನು ಬಿಡಿಸಿ ಬುಟ್ಟಿಗೆ ಬೀಳಿಸುತ್ತವೆ.

ಮೈದಾನದಲ್ಲಿ ಆಡುವಾಗ ಕೊಳವೆಯಿಂದ ಪ್ರಯೋಜನವಿಲ್ಲ. ಕುಳಿಯ ಅಗಲ 108 ಮಿಲಿಮೀಟರು, ಆಳ ಕನಿಷ್ಠ 101.6, ಅದರೊಳಗಿಂದ ಚೆಂಡನ್ನೆತ್ತಲು ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಕೋಲಿನ ಹಿಡಿಯ ತುದಿಗೆ ಸಿಕ್ಕಿಸುವ ರಬ್ಬರಿನ ಬಟ್ಟಲು ಸಿಗುತ್ತದೆ, ಚೆಂಡಿನ ಮೇಲೆ ಒತ್ತಿದರೆ ಕಚ್ಚಿಕೊಂಡು ಬರುತ್ತದೆ. ಇದನ್ನು ನಾನು ಮಾಡಹೊರಡದೆ ಕೊಂಡುಕೊಂಡೆ. ಇನ್ನು ಚೆಂಡನ್ನು ಬಿದ್ದಲ್ಲಿಂದ ಆಡದೆ, ದಂಡದ ಹೊಡೆತ ತೆತ್ತೋ ತೆರದೆಯೋ ಬೇರೆಡೆ ಕೈಯಿಂದ ಬೀಳಿಸಿ ಆಡಬೇಕಾದ ಸಂದರ್ಭದಲ್ಲಿ, ಮೊದಲು ಭುಜದೆತ್ತರದಿಂದ ಬೀಳಿಸಬೇಕಿದ್ದದ್ದನ್ನು 2019ರಿಂದ ಮೊಣಕಾಲಿನೆತ್ತರಕ್ಕೆ ಇಳಿಸಿದ್ದಾರೆ. ಚೆಂಡು ದೂರ ಪುಟಿಯದಿರಲೆಂಬ ಉದ್ದೇಶ ಸರಿಯೇ, ಆದರೆ ನಿಯಮ ಬರೆದವರಲ್ಲಿ ಸೊಂಟನೋವಿನವರು ಯಾರೂ ಇರಲಿಲ್ಲವೆಂದು ನನ್ನ ಅನುಮಾನ.

ಕೊಳವೆಗೆ ಈಗ ಮೂರನೆಯ ಮಳೆಗಾಲ. ಇಲಾಸ್ಟಿಕ್ಕನ್ನು ನಾಲ್ಕು ತಿಂಗಳಿಗೊಮ್ಮೆ ಬದಲಿಸುತ್ತೇನೆ, ಬಿಸಿಲಿಗೆ ಅದು ಹೊಪ್ಪಳೆಯೇಳುತ್ತದೆ. ಕಳೆದ ವರ್ಷ ಮಳೆ ಹಿಡಿದ ಮೇಲೆ ಮಾಡಿನ ಅಡಿಯಲ್ಲಿ ತೂಗುಹಾಕಿದ್ದನ್ನು ಸೆಪ್ಟೆಂಬರಿನಲ್ಲಿ ಇಳಿಸಿ ನೋಡಿದರೆ, ಮಣ್ಣಿನ ಗೂಡು ಕಟ್ಟುವ ಕಡಜ ಒಳಗೆ ಸಾಲಾಗಿ ಮನೆ ಮಾಡಿತ್ತು. ದೋಟಿಯ ತುದಿಯಿಂದ ಕೆರೆದು ತೆಗೆಯುವುದಕ್ಕೆ ಒಂದು ಬೆಳಗು ಹೋಯಿತು. ಈ ವರ್ಷ ಕೆಳಬಾಯಿಗೂ ಒಂದು ಕ್ಯಾಪ್ ತಂದು ಹಾಕಿಟ್ಟಿದ್ದೇನೆ.